ನಲ್ಲಿಯ ಎತ್ತರ

"ಸೈನ್ ಹಾಕ್ಬಿಡಿ ಟೀಚರ್, ನಲವತ್ತಾರರಲ್ಲಿ ನಲವತ್ತೈದು ಪಾಸಾಗಿದೆ," ಎಂದರು ಎಂಜಿನಿಯರ್ ಚನ್ನವೀರೇಶ್.

ಮಾರೇನಹಳ್ಳಿಯ ಹೊಸ ಅಂಗನವಾಡಿ ಕಟ್ಟಡವನ್ನು ಅಂದು ಟೀಚರ್ ಕೋಕಿಲಾಳ ವಶಕ್ಕೆ ಕೊಡಬೇಕಿತ್ತು. ಬಾಗಿಲು, ಕಿಟಕಿ, ಫ್ಯಾನು, ಎಲ್ಲವೂ ನಕ್ಷೆಯಲ್ಲಿದ್ದಂತೆಯೇ ಇದ್ದವು. ತಪಾಸಣೆ ಪಟ್ಟಿಯಲ್ಲಿ ನಲವತ್ತಾರನೆಯದು ಕೈ ತೊಳೆಯುವ ನಲ್ಲಿ. ಅದೂ ನಕ್ಷೆಯಲ್ಲಿದ್ದಂತೆಯೇ ಇತ್ತು: ನೆಲದಿಂದ ಮೂರೂವರೆ ಅಡಿ ಮೇಲೆ, ಸಿಂಕಿನ ಆಚೆ ತುದಿಯಲ್ಲಿ. ಮಕ್ಕಳಲ್ಲೆಲ್ಲ ಉದ್ದಗಿನ ಅನು, ಹಿಮ್ಮಡಿ ಎತ್ತಿ ನಿಂತರೂ, ಮೂರಡಿ ನಾಲ್ಕಂಗುಲ.

"ನಲ್ಲಿ ಸ್ವಲ್ಪ ಇಳಿಸಿಕೊಡಿ ಸಾರ್, ಸೈನ್ ಹಾಕ್ತೀನಿ."

"ಡ್ರಾಯಿಂಗಿಗೊಂದು ಕಮಿಟಿ, ಟೆಂಡರಿಗೊಂದು, ಉಸ್ತುವಾರಿಗೆ ಇನ್ನೊಂದು. ನಲ್ಲಿ ಇಳಿಸೋದು ಯಾರ ಲೆಕ್ಕಕ್ಕೂ ಬರಲ್ಲಮ್ಮ. ಫೈಲು ಮತ್ತೆ ಮೊದಲಿಂದ ಹೋಗ್ಬೇಕು. ಯುಗಾದಿ ಹೊತ್ತಿಗೆ ಆಗ್ಬಹುದು."

"ಯಾವ ಯುಗಾದಿ ಸಾರ್?"

"ಅದನ್ನ ಹೇಳಕ್ಕೂ ಒಂದು ಕಮಿಟಿ ಆಗ್ಬೇಕು."

ಕೋಕಿಲಾ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಸೈನ್ ಹಾಕದಿದ್ದರೆ ಇಪ್ಪತ್ತು ಮಕ್ಕಳಿಗೆ ಮತ್ತೆ ಅದೇ ಒಂಟಿ ಕಿಟಕಿಯ ಬಾಡಿಗೆ ಕೋಣೆ. ಹಾಕಿದರೆ ಈ ನಲ್ಲಿಯ ಕಡೆ ಇನ್ನು ಯಾರೂ ತಿರುಗಿ ನೋಡುವವರಿಲ್ಲ.

ತಪಾಸಣೆಗೆಂದು ಖಾಸಗಿ ಸಂಸ್ಥೆಯಿಂದ ಬಂದಿದ್ದ ಸುಘೋಷ್ ಟ್ಯಾಬ್ ಮುಂದೆ ಚಾಚಿದ. "ಮೇಡಂ, ಬಳಕೆದಾರರು ಖುದ್ದು ಉಪಯೋಗಿಸಿ ನೋಡ್ಬೇಕು ಅಂತಿದೆ. ನೀವೊಂದ್ಸಲ ತಿರುಗಿಸಿದ್ರೆ ಮುಗೀತು."

"ಬಳಕೆದಾರರು ಹೊರಗಿದ್ದಾರೆ," ಎಂದು ಕೋಕಿಲಾ ಮಕ್ಕಳನ್ನು ಕರೆದಳು.

ಅಂದಿನ ಸಂಭ್ರಮಕ್ಕೆ ಹಂಚಿದ ಚಿತ್ರಾನ್ನವನ್ನು ಆಗಷ್ಟೇ ಮುಗಿಸಿದ್ದ ಮಕ್ಕಳು ಹಳದಿ ಕೈಗಳನ್ನು ಮುಂದೆ ಹಿಡಿದುಕೊಂಡೇ ಸಾಲಾಗಿ ನಿಂತರು. ಅನು ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಸಿಂಕಿನ ಅಂಚು ಸಿಕ್ಕಿತು, ನಲ್ಲಿ ಸಿಗಲಿಲ್ಲ. ಚನ್ನವೀರೇಶ್ ತಡೆಯಲಾರದೆ ಅವಳ ಕಂಕುಳಿಗೆ ಕೈ ಹಾಕಿ ಎತ್ತಿದರು. ನೀರು ಬಂತು. ಅರ್ಧ ಸಿಂಕಿಗೆ, ಅರ್ಧ ಅವರ ಶರ್ಟಿಗೆ.

"ನೋಡಿದ್ರಾ, ಕೈಗೆ ಸಿಕ್ತು, ನೀರೂ ಬಂತು. ಕೆಲಸ ಮಾಡುತ್ತೆ ತಾನೆ? ಬರೀರಿ ಮತ್ತೆ."

"ಬರೀತೀನಿ ಸಾರ್."

ಕೋಕಿಲಾ ಟ್ಯಾಬ್ ಇಸಿದುಕೊಂಡು 'ಬಳಕೆದಾರರ ಅಭಿಪ್ರಾಯ' ಎಂಬಲ್ಲಿ ನಿಧಾನವಾಗಿ ಬರೆದಳು: 'ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಮಕ್ಕಳನ್ನು ಎತ್ತಿ ಹಿಡಿಯಲು ಪ್ರತಿದಿನ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಎಂಜಿನಿಯರ್ ಚನ್ನವೀರೇಶ್ ಅವರು ಸ್ಥಳದಲ್ಲಿ ಹಾಜರಿರತಕ್ಕದ್ದು.' ಕೆಳಗೆ ಸೈನ್ ಹಾಕಿದಳು.

ಓದಿದ ಸುಘೋಷ್ ನಗು ತಡೆಯಲು ತುಟಿ ಕಚ್ಚಿಕೊಂಡ. "ಸಾರ್, ಸಬ್ಮಿಟ್ ಒತ್ತಿದ್ರೆ ಸೀದಾ ಚೀಫ್ ಎಂಜಿನಿಯರ್‌ಗೆ ಹೋಗುತ್ತೆ. ಒತ್ಲಾ?"

ಚನ್ನವೀರೇಶ್ ಎರಡು ಸಲ ಓದಿದರು. "ತಡಿಯಪ್ಪ ಒಂದ್ನಿಮಿಷ," ಎಂದು, ಅನುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಪ್ಲಂಬರ್ ಉಗ್ರಪ್ಪನಿಗೆ ಫೋನ್ ಹಚ್ಚಿದರು. "ಎಲ್ಲಿದೀಯಯ್ಯ? ಅಂಗನವಾಡೀಲಿ ಒಂದು ನಲ್ಲಿ ಇಳಿಸ್ಬೇಕು."

"ಅತ್ತಿಗುಪ್ಪೇಲಿದೀನಿ ಸಾರ್. ನಾಳೆ ಬರ್ಲಾ?"

ಅವರು ಅನುವನ್ನು ಕೆಳಗಿಳಿಸಿ ತಿರುಗಿದರು. ಇನ್ನೂ ಹತ್ತೊಂಬತ್ತು ಮಕ್ಕಳು ಸಾಲಿನಲ್ಲಿದ್ದರು. ಮುಂದೆ ನಿಂತಿದ್ದ ಗುಂಡುಗುಂಡಗಿನ ಮಗು ಆಗಲೇ ಎರಡೂ ಹಳದಿ ಕೈಗಳನ್ನು ಮೇಲೆತ್ತಿ ಅವರನ್ನೇ ನೋಡುತ್ತಿತ್ತು.