ಎಡಗಡೆ ಅರಮನೆ

‘ಎಲ್ಲರೂ ಎಡಕ್ಕೆ ನೋಡಿ!’ ಎಂದು ಗೈಡು ಮೈಕಿನಲ್ಲಿ ಕೂಗಿದ್ದೇ ತಡ, ಮೈಸೂರು ಅರಮನೆಯ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಚಾವಣಿಯಿಲ್ಲದ ಡಬಲ್ ಡೆಕ್ಕರ್ ಬಸ್ಸಿನ ಮೇಲಿದ್ದವರೆಲ್ಲ ಎದ್ದು ಮೊಬೈಲು ಎತ್ತಿದರು. ಹಿರೀಸಾವೆಯ ಚಿಕ್ಕಲಕ್ಷ್ಮಮ್ಮ ಮಾತ್ರ ಬಲಗಡೆಯ ಕಂಬಿ ಹಿಡಿದು, ರಸ್ತೆಬದಿಯಲ್ಲಿ ನಿಂತ ಜನರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು.

‘ಅತ್ಲಾಗ್ ನೋಡಮ್ಮಿ,’ ಗಂಡ ಬೋರೇಗೌಡ ಅವಳ ಭುಜ ತಟ್ಟಿದ. ‘ಮೈಸೂರು ನೋಡ್ಬೇಕು ಅಂತ ಅಟ ಇಡ್ದು ಕರ್ಕೊಂಡ್ ಬಂದೋಳು ನೀನೇ ಅಲ್ವಾ?’

‘ನಮ್ಮ ಮೇಘಶ್ರೀ ಕಣ್ಣ ಈ ಊರಲ್ಲೇ ಯಾರಿಗೋ ಆಕವ್ರಂತಲ್ಲ,’ ಎಂದಳು, ಮುಖ ತಿರುಗಿಸದೆ. ‘ಅವ್ರೂ ದೀಪ ನೋಡಕ್ಕೆ ಬಂದಿರ್ಬೋದು.’

ಬೋರೇಗೌಡನ ಕೈ ಅವಳ ಭುಜದ ಮೇಲೇ ಉಳಿಯಿತು. ಮಗಳು ಬೈಕಿನಿಂದ ಬಿದ್ದು ತೀರಿಕೊಂಡಾಗ, ಇವಳು ಬೇಡವೆಂದು ಗೋಗರೆದರೂ ಕಣ್ಣು ಕೊಡಲು ಒಪ್ಪಿದವನು ಅವನು. ಆಮೇಲೆ ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಿರಲಿಲ್ಲ.

‘ಸರ್, ಅರಮನೆ ಈ ಕಡೆ!’ ಎಂದ ಗೈಡು.

ಬೋರೇಗೌಡ ಅರಮನೆಗೆ ಬೆನ್ನು ಹಾಕಿ ಹೆಂಡತಿಯ ಪಕ್ಕದಲ್ಲಿ ಕಂಬಿ ಹಿಡಿದು ನಿಂತ. ಸ್ವಲ್ಪ ಹೊತ್ತು ಕೆಳಗೆ ಹುಡುಕಿ, ತಗ್ಗಿದ ದನಿಯಲ್ಲಿ ಕೇಳಿದ:

‘ಐಸ್‌ಕ್ರೀಮ್ ಗಾಡಿ ತಾವ ಒಂದ್ ಉಡ್ಗಿ ನಿಂತವ್ಳಲ್ಲ, ಕಣ್ಣೇ ಮಿಟುಕಿಸ್ದಂಗೆ. ಅವ್ಳನ್ನ ನೋಡ್ದಾ?’