ಹೈಬ್ರಿಡ್ ಕಾರಿನ ಉಸಿರು

"ಲೀಟರಿಗೆ ಹದಿನಾಲ್ಕೇ," ಎಂದು ಅಳಿಯ ಮೀಟರ್ ನೋಡಿ ಹಲ್ಲು ಕಡಿದ. ಇಪ್ಪತ್ತೈದು ಕೊಡುತ್ತದೆಂದು ಊರಿಗೆಲ್ಲ ಕೊಚ್ಚಿಕೊಂಡಿದ್ದ ಹೈಬ್ರಿಡ್ ಕಾರನ್ನು ಈಗ ಮಾರಲು ಹೊರಟಿದ್ದ.

ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅತ್ತೆ ನಲವತ್ತು ವರ್ಷ ಕಾವ್ಯವಾಚನ ಕಲಿಸಿದವರು. "ಇದಕ್ಕೆ ಉಸಿರಾಡೋಕೇ ಬಿಡ್ತಿಲ್ಲ ನೀವು. ಸಾಲು ಮುಗಿಯೋ ಮುಂಚೆ ಇನ್ನೊಂದು ಸಾಲು ಹಿಡೀತೀರಿ. ನಾನು ಹೇಳಿದಾಗ ಕಾಲು ತೆಗೀರಿ," ಎಂದರು.

"ನಿಮಗೆ ಸೈಕಲ್ಲೂ ಬರಲ್ವಲ್ಲ ಅತ್ತೆ?"

"ಕಿವಿ ಇದೆಯಲ್ಲ, ಅಳಿಯಂದ್ರೇ. ಈಗ."

ಅಳಿಯ ನಗುತ್ತಲೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ. ಎಂಜಿನ್ ಸದ್ದಡಗಿ, ಕಾರು ಬ್ಯಾಟರಿಯ ಬಲದಲ್ಲೇ ನೀರಿನಂತೆ ಹರಿಯಿತು. ಸೇತುವೆ ಇಳಿಯುವಾಗ ಮತ್ತೆ "ಈಗ". ಸಿಗ್ನಲ್ ದೂರವಿರುವಾಗಲೇ ಇನ್ನೊಮ್ಮೆ. ಅವರ ಕಣ್ಣು ಮುಚ್ಚಿಯೇ ಇತ್ತು. ಮೀಟರ್ ಹದಿನೇಳಾಯಿತು, ಇಪ್ಪತ್ತೊಂದಾಯಿತು. ಅಳಿಯನ ನಗು ಎಲ್ಲೋ ನಿಂತುಹೋಗಿತ್ತು.

ಕೊಳ್ಳುವವರ ಮನೆ ಬಂತು. ಅವನು ನಿಲ್ಲಿಸಲಿಲ್ಲ. "ಇನ್ನೊಂದು ಸುತ್ತು ಹೇಳಿಕೊಡಿ ಅತ್ತೆ," ಎಂದ, ಮೊದಲ ಪಾಠಕ್ಕೆ ಕೂತ ಶಿಷ್ಯನ ದನಿಯಲ್ಲಿ.