ಹುಳುವಿನ ಮನೆಯ ಲೆಕ್ಕ

ಮರಿಮಲ್ಲಪ್ಪ ತಮ್ಮನ ಕೊಟ್ಟಿಗೆಯಿಂದ ತನ್ನ ಹಸುಗಳನ್ನು ಬಿಚ್ಚಿ ಹೊಡೆದುಕೊಂಡು ಹೊರಟ ದಿನವೇ ಹಂಗಳದ ಸೂಪರ್ ಕಂಪ್ಯೂಟರಿಗೆ ಕಷ್ಟಕಾಲ ಶುರುವಾಯಿತು.

ಯಂತ್ರವಿದ್ದದ್ದು ಅವನ ತಮ್ಮ ಮಹಾಲಿಂಗನ ಹಳೆಯ ರೇಷ್ಮೆ ಹುಳುವಿನ ಮನೆಯಲ್ಲಿ. ದಪ್ಪ ಗೋಡೆ, ಕಿಟಕಿಗೆ ಒದ್ದೆ ಗೋಣಿತಾಟು, ಒಳಗೆ ಸದಾ ತಂಪು. ಹುಳುಗಳು ಸೊಪ್ಪು ಮೇಯುತ್ತಿದ್ದ ಕಡೆ ಈಗ ಕಪ್ಪು ಪೆಟ್ಟಿಗೆಗಳು ಮಿಣುಕುತ್ತಿದ್ದವು. ಹಿತ್ತಲಲ್ಲಿ ಭಾರಿ ಗೋಬರ್ ಗ್ಯಾಸ್ ಗುಂಡಿ, ಆ ಗ್ಯಾಸಿನಿಂದ ಓಡುವ ಜನರೇಟರ್. ಕರೆಂಟಿನ ತಂತಿಯನ್ನೇ ಎಳೆದಿರಲಿಲ್ಲ. ಯಂತ್ರ ತಂದಿಟ್ಟ ಕಂಪನಿಯ ಷರತ್ತು ಒಂದೇ: ಲೆಕ್ಕ ಮುಗಿಯುವವರೆಗೆ ಯಂತ್ರ ನಿಲ್ಲಬಾರದು. ನಿಂತರೆ ಗಂಟುಮೂಟೆ ಕಟ್ಟಿ ವಾಪಸ್.

ಯಾವ ಲೆಕ್ಕ? ಅದು ಯಂತ್ರ ನೋಡಿಕೊಳ್ಳಲು ಬಂದಿದ್ದ ಚಾಮರಾಜನಗರದ ಇಂಜಿನಿಯರ್ ಮಧುಶ್ರೀಗೂ ಗೊತ್ತಿರಲಿಲ್ಲ. ಹೆಡ್ ಆಫೀಸಿನವರು ಅದನ್ನು ಗುಟ್ಟಾಗಿಟ್ಟಿದ್ದರು. ಮೊದಲ ಸಲ ಪೂರ್ತಿ ಜವಾಬ್ದಾರಿ ಸಿಕ್ಕಿದ್ದರಿಂದ ಅವಳೂ ಕೆದಕಿರಲಿಲ್ಲ. ಊರಿನವರು ಮಾತ್ರ ಅದು ಮಳೆಯ ಲೆಕ್ಕವೇ ಎಂದು ತೀರ್ಮಾನಿಸಿಬಿಟ್ಟಿದ್ದರು.

ಅಣ್ಣ ತಮ್ಮಂದಿರ ಜಗಳಕ್ಕೆ ಕಾರಣ ಪತ್ರಿಕೆಯ ಫೋಟೊ. ‘ಸಗಣಿಯಿಂದ ಸೂಪರ್ ಕಂಪ್ಯೂಟರ್ ಓಡಿಸಿದ ರೈತ’ ಎಂದು ಮಹಾಲಿಂಗ ಒಬ್ಬನೇ ಹಲ್ಲು ಕಿರಿದು ನಿಂತಿದ್ದ.

“ಸಗಣಿ ನನ್ನ ಹಸೀಂದು, ಫೋಟೊ ಅವಂದಾ?” ಎಂದ ಮರಿಮಲ್ಲಪ್ಪ. ಅಂದಿನಿಂದ ಮಾತಿಲ್ಲ, ಸಗಣಿಯೂ ಇಲ್ಲ.

“ಓಗ್ಲಿ ಬುಡವ್ವ,” ಎಂದ ಮಹಾಲಿಂಗ ಮಧುಶ್ರೀಗೆ. “ಗುಂಡ್ಲುಪೇಟೆ ಮಾರ್ಕೆಟ್ಟಲ್ಲಿ ಕೊಳೆತಿರೋ ಕೋಸು ಬೇಕಾದಷ್ಟದೆ.”

ಒಂದು ಲಾರಿ ಕೋಸು ಬಂತು. ಗುಂಡಿ ಹುಳಿ ಹಿಡಿಯಿತು. ಜನರೇಟರ್ ಕೆಮ್ಮಿತು. ಪೆಟ್ಟಿಗೆಗಳ ದೀಪ ಮಂಕಾಯಿತು.

ಮಧುಶ್ರೀ ಮರಿಮಲ್ಲಪ್ಪನ ಜಗಲಿಗೆ ಓಡಿದಳು. “ಯಜಮಾನ್ರೇ, ಸಂಜೆಯೊಳಗೆ ಸಗಣಿ ಬೀಳದಿದ್ರೆ ಯಂತ್ರ ನಿಂತೇಹೋಗುತ್ತೆ.”

“ನಿಂತ್ಕಳ್ಲಿ ಬುಡವ್ವ. ನನ್ನ ಕೇಳಿ ಶುರು ಮಾಡುದ್ರಾ?”

“ದನಕ್ಕೂ ಕ್ವಾಪ ಬಂದದಾ? ಅವು ಸಗಣಿ ಆಕ್ತಾನೇ ಅವೆ,” ಎಂದು ಒಳಗಿನಿಂದ ಅವನ ಹೆಂಡತಿ ಶಾಂತಮಲ್ಲಮ್ಮ ಗೊಣಗಿದಳು. “ತಿಪ್ಪೆ ಬಾಗ್ಲಿಗ್ ಬಂದು ನಿಂತದೆ.”

ಅಷ್ಟರಲ್ಲಿ ಅಂಗಳದಲ್ಲಿ ಮಹಾಲಿಂಗ. ಕೈಯಲ್ಲಿ ಖಾಲಿ ಮಂಕರಿ ಬುಟ್ಟಿ.

“ಅಣ್ಣ, ಒಂದು ಮಂಕ್ರಿ ಕೊಡು.”

ಮರಿಮಲ್ಲಪ್ಪ ಮಂಕರಿಗೆ ಕೈಚಾಚಿದ. “ಇದ್ನ ಕೇಳಕೆ ಇಷ್ಟು ದಿನ ಬೇಕಾಯ್ತೇನ್ಲಾ ನಿಂಗೆ?”

ತಾನೇ ಎದ್ದು, ಪಂಚೆ ಮೇಲೆತ್ತಿ ಕಟ್ಟಿ, ಮಂಕರಿ ತುಂಬಿ ತಮ್ಮನ ತಲೆಯ ಮೇಲಿಟ್ಟ. ಎರಡನೆಯದನ್ನು ತಾನೇ ಹೊತ್ತ. ಅವರನ್ನು ನೋಡಿ ಬೀದಿಯ ಹೆಂಗಸರು ಗಂಡಸರೆಲ್ಲ ಮಂಕರಿ ಹಿಡಿದರು. ಹಸುವೇ ಇಲ್ಲದವರು ಪಕ್ಕದ ಊರಿಗೆ ಹೋಗಿ ತಂದರು. ಗುಂಡಿ ಮತ್ತೆ ಉಬ್ಬಿತು. ಜನರೇಟರಿನ ಕೆಮ್ಮು ನಿಂತಿತು. ಮಧುಶ್ರೀ ಸಗಣಿ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಯಂತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಲೆಕ್ಕ ಮುಗಿಯಿತು. ಊರಿಗೆ ಊರೇ ಹುಳುವಿನ ಮನೆಯ ಮುಂದೆ ಸೇರಿತು. ಪತ್ರಿಕೆಯವನು ಮತ್ತೆ ಬಂದ. ಈ ಸಲ ಅಣ್ಣ ತಮ್ಮ ಹೆಗಲ ಮೇಲೆ ಕೈ ಹಾಕಿ ನಿಂತರು. ನಡುವೆ ಹಾರ ಹಾಕಿಸಿಕೊಂಡ ಹಸು.

“ಓದವ್ವ, ಮಳೆ ಯಾವಾಗಂತೆ?” ಎಂದ ಮರಿಮಲ್ಲಪ್ಪ.

ಹೆಡ್ ಆಫೀಸಿನಿಂದ ಅನುಮತಿ ಬಂದಿತ್ತು. ಮಧುಶ್ರೀ ಪರದೆಯನ್ನು ಒಮ್ಮೆ ಮನಸ್ಸಿನಲ್ಲೇ ಓದಿದಳು. ಇನ್ನೊಮ್ಮೆ ಓದಿದಳು. ಹಿತ್ತಲಲ್ಲಿ ಗುಡುಗುಡಿಸುತ್ತಿದ್ದ ಜನರೇಟರಿನ ಕಡೆ ನೋಡಿದಳು. ಜನ ಉಸಿರು ಬಿಗಿಹಿಡಿದಿದ್ದರು. ಓದದೆ ವಿಧಿಯಿರಲಿಲ್ಲ.

“ಪ್ರಶ್ನೆ: ಸಗಣಿ ಗ್ಯಾಸಿನಿಂದ ಸೂಪರ್ ಕಂಪ್ಯೂಟರ್ ಓಡಿಸಬಹುದೇ? ಉತ್ತರ: ಸಾಧ್ಯವೇ ಇಲ್ಲ.”